ಹೆಸರಿನ ಪಕ್ಕ ತಾರೀಕು ಬರೆ

ಪೆರ್ಲ, ಕಾಸರಗೋಡು

ಚಿ. ಶ್ರೀಹರಿಗೆ ಮಾವನ ಆಶೀರ್ವಾದಗಳು. ಉಭಯ ಕುಶಲೋಪರಿ.

ಗ್ರಂಥಾಲಯದ ಚರ್ಚಾಕೂಟಕ್ಕೆಂದು ನೀನು ಮಾಡಿಟ್ಟ ಪಟ್ಟಿಯನ್ನು ನಿನ್ನ ಅಮ್ಮ ಕೊಟ್ಟುಹೋದಳು. ಚಾಂಪಿಯನ್ ಪಟ್ಟದ ಬಾಗಿಲವರೆಗೆ ಹೋಗಿ ಹೊರಗೇ ಉಳಿದ ಹೆವಿವೇಟ್ ಬಾಕ್ಸರುಗಳು, ಅವರಲ್ಲಿ ಯಾರ ಗೆಲುವು ದೊಡ್ಡದು ಎಂಬ ಪ್ರಶ್ನೆ ಚಂದ ಉಂಟು. ಆದರೆ ಗೆರಿ ಕೂನಿಯನ್ನು ಮೊದಲ ಸ್ಥಾನದಲ್ಲಿ ಕೂರಿಸಿದ್ದೀಯಲ್ಲ, ಅದಾಗದು ಮಾರಾಯ. ಇಡೀ ಪಟ್ಟಿಯ ತೊಂದರೆ ಅಲ್ಲೇ ಇರುವುದು.

ಕೂನಿ ಸೋಲಿಸಿದ್ದು ಜಿಮ್ಮಿ ಯಂಗ್, ರಾನ್ ಲೈಲ್, ಕೆನ್ ನಾರ್ಟನ್ ಎಂದು ಬರೆದಿದ್ದೀ. ನಿಜವೇ. ತಾರೀಕು ಮಾತ್ರ ಬರೆದಿಲ್ಲ. ಯಂಗ್‌ನನ್ನು ಗೆದ್ದದ್ದು 1980ರ ಮೇಯಲ್ಲಿ, ಮುಖ ಸೀಳಿ ಪಂದ್ಯ ನಾಲ್ಕನೇ ರೌಂಡಿಗೆ ನಿಂತಾಗ. ಅಷ್ಟರಲ್ಲಿ ಯಂಗ್ ಒಸಿ ಒಕಾಸಿಯೊನಿಗೆ ಎರಡು ಸಲ ಸೋತಾಗಿತ್ತು. ಅದೇ ಅಕ್ಟೋಬರಿನಲ್ಲಿ ಲೈಲ್ ಒಂದೇ ರೌಂಡಿನಲ್ಲಿ ಬಿದ್ದ. ಅವನಿಗೆ 39 ಪ್ರಾಯ. 1981ರ ಮೇ 11ರಂದು ನಾರ್ಟನ್ 54 ಸೆಕೆಂಡಿಗೆ ಮುಗಿದ. 37 ಪ್ರಾಯ, ಅದಕ್ಕೆ ಎರಡು ವರ್ಷ ಮೊದಲೇ ಅರ್ನಿ ಶೇವರ್ಸ್‌ನ ಕೈಯಲ್ಲಿ ಮೊದಲ ರೌಂಡಿನಲ್ಲಿ ಮಲಗಿದ್ದವ. ಗೋಣಿಯ ಮೇಲಿನ ಹೆಸರು ನೋಡಿ ಯಾರೂ ಅಡಿಕೆಗೆ ಕ್ರಯ ಕಟ್ಟುವುದಿಲ್ಲ, ಒಡೆದು ನೋಡುತ್ತಾರೆ. ಕೂನಿಯ ಎಡಗೈ ಏಟು ಸುಳ್ಳಲ್ಲ. 1982ರಲ್ಲಿ ಆಗಿನ ಚಾಂಪಿಯನ್ ಲ್ಯಾರಿ ಹೋಮ್ಸ್ ಎದುರು 13ನೇ ರೌಂಡಿನವರೆಗೆ ನಿಂತ. ನನ್ನನ್ನು ಕೇಳಿದರೆ ಆ ಮೂರು ಗೆಲುವುಗಳಿಗಿಂತ ಈ ಸೋಲಿಗೇ ತೂಕ ಹೆಚ್ಚು.

ಈಗ ಕೆಲಸಕ್ಕೆ ಬಾ. ಒಂದೊಂದು ಗೆಲುವಿಗೂ ಒಂದೊಂದು ಪುಟ ಇಡು. ಮೇಲೆ ತಾರೀಕು, ಊರು, ಎಷ್ಟು ರೌಂಡಿನ ಪಂದ್ಯ, ಎಷ್ಟನೆಯದರಲ್ಲಿ ಮುಗಿಯಿತು. ಕೆಳಗೆ ಸೋತವನ ಅಂದಿನ ಪ್ರಾಯ, ತೂಕ, ಅದರ ಹಿಂದಿನ ಮೂರು ಪಂದ್ಯ, ಮುಂದಿನ ಮೂರು ಪಂದ್ಯ. ತೂಕವನ್ನು ಅವನ ಒಳ್ಳೆಯ ದಿನದ ತೂಕದ ಪಕ್ಕದಲ್ಲಿಟ್ಟು ನೋಡಬೇಕು. 1976ರ ಏಪ್ರಿಲಿನಲ್ಲಿ ಯಂಗ್ 15 ರೌಂಡ್ ಆಡಿ ಮಹಮ್ಮದ್ ಅಲಿಗೆ ತೀರ್ಪಿನಲ್ಲಿ ಸೋತ. 'ಗೆದ್ದದ್ದು ಯಂಗೇ' ಎಂದು ವಾದಿಸುವವರು ಈಗಲೂ ಇದ್ದಾರೆ. ಆದರೆ ಅಂದು ಅಲಿಯ ತೂಕ 230 ಪೌಂಡ್, ಅಂದರೆ 104 ಕಿಲೋ. ಕಿನ್ಶಾಸದಲ್ಲಿ ಆಗಿನ ಚಾಂಪಿಯನ್ ಜಾರ್ಜ್ ಫೋರ್‌ಮನ್‌ನನ್ನು ಕೆಡವಿದಾಗ ಇದ್ದದ್ದು ಸುಮಾರು 98. ಕೂನಿಗೆ ಕಡಿತ ಮಾಡಿದ ಮೇಲೆ ಯಂಗ್‌ಗೂ ಇಲ್ಲಿ ಮಾಡಲೇಬೇಕು.

ಟಿಕೆಓ, ಅಂದರೆ ಹತ್ತರ ಎಣಿಕೆಯಿಲ್ಲದೆ ನಿಲ್ಲಿಸಿದ ಪಂದ್ಯ, ಎಂದು ಕಂಡಲ್ಲಿ ಯಾಕೆ ನಿಂತಿತು ಎಂದು ಹುಡುಕು: ಗಾಯವೋ, ರೆಫರಿ ತಡೆದದ್ದೋ, ಮೂಲೆಯಲ್ಲಿದ್ದ ಅವನ ಕಡೆಯವರು ಸಾಕೆಂದದ್ದೋ. ನ್ಯೂಯಾರ್ಕಿನಲ್ಲಿ ಆ ಕಾಲಕ್ಕೆ ಯಾರು ಎಷ್ಟು ರೌಂಡ್ ಗೆದ್ದರು ಎಂದು ಎಣಿಸುತ್ತಿದ್ದರು, ಈಗಿನ ಹಾಗೆ ರೌಂಡಿಗೆ ಹತ್ತು ಅಂಕದ ಲೆಕ್ಕ ಅಲ್ಲ. ಅಲ್ಲಿಯ ಅಂಕಪಟ್ಟಿಯನ್ನು ಬೇರೆ ಊರಿನದರ ಜೊತೆ ನೇರ ಹೋಲಿಸಬೇಡ. ಗೆಲುವು ಸೋಲುಗಳ ಸಂಖ್ಯೆಯನ್ನು ಎರಡು ಕಡೆ ತಾಳೆ ನೋಡು. 1977ರಲ್ಲಿ ಡಾನ್ ಕಿಂಗ್ ನಡೆಸಿ ಎಬಿಸಿ ಟಿವಿಯವರು ತೋರಿಸುತ್ತಿದ್ದ ಟೂರ್ನಮೆಂಟ್ ನಡುವೆಯೇ ನಿಂತುಹೋಯಿತು. ಕೆಲವರ ಲೆಕ್ಕಕ್ಕೆ ನಡೆಯದೇ ಇದ್ದ ಗೆಲುವುಗಳು ಸೇರಿಕೊಂಡಿದ್ದವು, ಅದೂ 'ದಿ ರಿಂಗ್' ಪತ್ರಿಕೆಯ ದಾಖಲೆಗಳಲ್ಲೇ.

ಜೆರ್ರಿ ಕ್ವಾರಿಯನ್ನು ನೀನು ಐದನೆಯವನಾಗಿ ಇಟ್ಟಿದ್ದೀ, ಜೋ ಫ್ರೇಜಿಯರ್, ಅಲಿ ಎಂಬ ಚಾಂಪಿಯನ್ನರಿಬ್ಬರಿಗೂ ಎರಡೆರಡು ಸಲ ಸೋತ ಎಂಬ ಕಾರಣಕ್ಕೆ. ಪ್ರಶ್ನೆ ಗೆಲುವಿನದ್ದಲ್ಲವಾ? ಅವನ ಪುಟಗಳನ್ನು ಬಿಡಿಸು. 1970ರ ಜೂನಿನಲ್ಲಿ ಮ್ಯಾಕ್ ಫೋಸ್ಟರ್‌ನನ್ನು ಆರನೇ ರೌಂಡಿನಲ್ಲಿ ಕೆಡವಿದ. ಫೋಸ್ಟರ್ ಆಗ ಆಡಿದ 24 ಪಂದ್ಯವನ್ನೂ ನಾಕೌಟಿನಲ್ಲೇ ಗೆದ್ದಿದ್ದ. ಇಂಥ ಸಂಖ್ಯೆ ಕಣ್ಣು ಕುಕ್ಕುತ್ತದೆ, ಆದರೆ ಆ 24 ಜನ ಯಾರು ಎಂದು ನೋಡಿದ ಮೇಲೆ ಬೆಲೆ ಕಟ್ಟು. 1973ರ ಡಿಸೆಂಬರಿನಲ್ಲಿ ಶೇವರ್ಸ್‌ನನ್ನು ಮೊದಲ ರೌಂಡಿನಲ್ಲೇ ಮುಗಿಸಿದ. ಎಲ್ಲರೂ ಇದನ್ನೇ ಅವನ ದೊಡ್ಡ ಗೆಲುವು ಎನ್ನುವುದು. ನಾನು ಒಪ್ಪುವುದಿಲ್ಲ. ಒಂದು ರೌಂಡಿನ ಪಂದ್ಯದಿಂದ ಗೊತ್ತಾಗುವುದು ಯಾರ ಏಟು ಮೊದಲು ತಾಗಿತು ಎಂಬುದಷ್ಟೇ. ಅದೇ ವರ್ಷದ ಫೆಬ್ರವರಿ 9ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಲೈಲ್ ಮೇಲೆ 12 ರೌಂಡ್ ಆಡಿ, ಮೂವರೂ ಒಪ್ಪಿದ ತೀರ್ಪಿನಲ್ಲಿ ಗೆದ್ದ. ಲೈಲ್ ಅಲ್ಲಿಯವರೆಗೆ 19 ಪಂದ್ಯ ಸೋಲದೆ ಬಂದಿದ್ದ, ಕ್ವಾರಿಗಿಂತ ದೊಡ್ಡ ಆಳು. ಕೊರತೆ ಒಂದೇ, ಜೈಲಿನಲ್ಲಿ ಬಾಕ್ಸಿಂಗ್ ಕಲಿತು ಮೂವತ್ತರ ಪ್ರಾಯದಲ್ಲಿ ವೃತ್ತಿಗೆ ಇಳಿದವ, ಎರಡು ವರ್ಷದ ಅನುಭವವೂ ಆಗಿರಲಿಲ್ಲ. ಈ ಗೆಲುವಿನ ನಿಜವಾದ ಬೆಲೆ ಮುಂದಿನ ಪಂದ್ಯಗಳಲ್ಲಿ ಕಾಣುವುದು: 1974ರಲ್ಲಿ ಲೈಲ್ ಅರ್ಜೆಂಟೀನಾದ ಆಸ್ಕರ್ ಬೊನವೆನನನ್ನು ಸೋಲಿಸಿದ, 1975ರಲ್ಲಿ ಶೇವರ್ಸ್‌ನನ್ನು ಆರನೇ ರೌಂಡಿನಲ್ಲಿ ನಿಲ್ಲಿಸಿದ, 1976ರ ಜನವರಿಯಲ್ಲಿ ತಾನು ಸೋಲುವ ಮೊದಲು ಫೋರ್‌ಮನ್‌ನನ್ನು ಎರಡು ಸಲ ಉರುಳಿಸಿದ. ಇಂಥವನನ್ನು ಅವನ ಏರುಗಾಲದಲ್ಲಿ 12 ರೌಂಡ್ ಕಟ್ಟಿಹಾಕಿದ ಗೆಲುವು ಅದು.

'ಇವನು ಅವನನ್ನು ಸೋಲಿಸಿದ, ಅವನು ಮತ್ತೊಬ್ಬನನ್ನು' ಎಂಬ ಸರಪಳಿ ಲೆಕ್ಕವನ್ನು ಪೂರಾ ಹೊಡೆದುಹಾಕು. 1968ರಲ್ಲಿ ಜಿಮ್ಮಿ ಎಲ್ಲಿಸ್ ಕ್ವಾರಿಯನ್ನು ಸೋಲಿಸಿದ. 1973ರ ಜೂನಿನಲ್ಲಿ ಶೇವರ್ಸ್ ಎಲ್ಲಿಸ್‌ನನ್ನು. ಆರು ತಿಂಗಳಲ್ಲಿ ಕ್ವಾರಿ ಶೇವರ್ಸ್‌ನನ್ನು. ಸುತ್ತಿ ಬಂದು ಹೊರಟಲ್ಲಿಗೇ ತಲುಪಿದೆ. ಇನ್ನೊಂದು ಬೇಕಾ? ಶೇವರ್ಸ್ ಯಂಗ್‌ನನ್ನು, ಯಂಗ್ ಲೈಲ್‌ನನ್ನು, ಲೈಲ್ ಶೇವರ್ಸ್‌ನನ್ನು. ಯಾರ ಏಟಿನ ಬಗೆ ಯಾರಿಗೆ ಒಗ್ಗದು ಎಂಬುದು ಇದರಲ್ಲಿ ಕಾಣುತ್ತದೆ, ಯಾರು ಮೇಲು ಎಂಬುದು ಕಾಣುವುದಿಲ್ಲ.

ಮೊದಲ ಸ್ಥಾನಕ್ಕೆ ನಾನು ಹೇಳುವುದು ಯಂಗ್‌ನ ಹೆಸರು, ಒಂದೇ ಗೆಲುವಿಗಾಗಿ. 1977ರ ಮಾರ್ಚ್ 17, ಪೋರ್ಟೊ ರಿಕೊದ ಸ್ಯಾನ್ ಹ್ವಾನ್. ಎದುರು ನಿಂತ ಫೋರ್‌ಮನ್‌ಗೆ 28 ಪ್ರಾಯ, 45 ಗೆಲುವು, ಅಲಿಯ ಕೈಯ ಒಂದೇ ಸೋಲು. ಅದಾದ ಮೇಲೆ ಲೈಲ್, ಫ್ರೇಜಿಯರ್ ಇಬ್ಬರನ್ನೂ ಮಲಗಿಸಿ ಬಂದಿದ್ದ. ಏಳನೇ ರೌಂಡಿನಲ್ಲಿ ಯಂಗ್ ತತ್ತರಿಸಿದ, ಬೀಳಲಿಲ್ಲ. 12ನೆಯದರಲ್ಲಿ ಫೋರ್‌ಮನ್‌ನನ್ನೇ ಉರುಳಿಸಿ ತೀರ್ಪಿನಲ್ಲಿ ಗೆದ್ದ. ಸೆಕೆ ಜೋರಿತ್ತು ಎಂಬ ಮಾತುಂಟು. ಸೆಕೆ ಇಬ್ಬರಿಗೂ ಇತ್ತು. ಈ ಪುಟದಲ್ಲಿ ಮುಂದಿನ ಮೂರು ಪಂದ್ಯದ ಜಾಗ ಖಾಲಿ ಬಿಡಬೇಕು, ಯಾಕೆಂದರೆ ಫೋರ್‌ಮನ್ ಗ್ಲೋವ್ಸ್ ಬಿಚ್ಚಿಟ್ಟು ಹತ್ತು ವರ್ಷ ಧರ್ಮಬೋಧನೆಗೆ ಹೋದ. ಅದೇ ಫೋರ್‌ಮನ್‌ನನ್ನು 1993ರಲ್ಲಿ ಟಾಮಿ ಮಾರಿಸನ್ ಸೋಲಿಸಿದ, ಆಗ 44 ಪ್ರಾಯ. ಅದನ್ನೂ ಸೊನ್ನೆ ಮಾಡಬೇಡ. ಮರುವರ್ಷ ಈ ಮುದುಕನೇ ಮೈಕಲ್ ಮೂರರ್‌ನನ್ನು ಕೆಡವಿ ಮತ್ತೆ ಚಾಂಪಿಯನ್ ಆದ. ಪ್ರಾಯವನ್ನು ಯಾವಾಗಲೂ ಮುಂದಿನ ಪಂದ್ಯಗಳ ಜೊತೆಗೇ ಓದಬೇಕು.

ಕೆನಡಾದ ಜಾರ್ಜ್ ಚುವಾಲೊ 1969ರಲ್ಲಿ ಕ್ವಾರಿಯ ಮೇಲೆ ಗೆದ್ದದ್ದು ದಾಖಲೆಯಲ್ಲಿ 'ಏಳನೇ ರೌಂಡ್, ನಾಕೌಟ್'. ನಡೆದದ್ದು ಬೇರೆ: ಬಿದ್ದ ಕ್ವಾರಿ ಎದ್ದ, ಸುಧಾರಿಸಿಕೊಳ್ಳಲು ಮತ್ತೆ ಮೊಣಕಾಲೂರಿದ, ರೆಫರಿಯ ಎಣಿಕೆ ಅವನ ಗಮನ ತಪ್ಪಿ ಹತ್ತು ದಾಟಿತು. ಅರ್ಧ ಬೆಲೆ ಕೊಡು, ಸಾಕು.

ಡೇವಿಡ್ ಟುವಾ 'ನಾಲ್ಕು ಚಾಂಪಿಯನ್ನರನ್ನು' ಸೋಲಿಸಿದ ಎಂದಿದ್ದೀ. ಜಾನ್ ರೂಯಿಜ್ 19 ಸೆಕೆಂಡಿಗೆ ಬಿದ್ದದ್ದು 1996ರಲ್ಲಿ, ಪಟ್ಟ ಸಿಕ್ಕಿದ್ದು 2001ರಲ್ಲಿ. ಮಸ್ಕಾಯೆವ್‌ಗೆ 2006ರಲ್ಲಿ. ಮೂರರ್ ಮಾಜಿ. ರಹಮಾನ್ ಜೊತೆಗಿನ 1998ರ ಪಂದ್ಯದಲ್ಲಿ ಅಂಕದಲ್ಲಿ ರಹಮಾನೇ ಮುಂದಿದ್ದ, ಒಂಬತ್ತನೇ ರೌಂಡಿನ ಗಂಟೆ ಹೊಡೆದ ಮೇಲೆ ಅವನಿಗೆ ಟುವಾನ ಏಟು ಬಿತ್ತು, ಹತ್ತರಲ್ಲಿ ನಿಲ್ಲಿಸಿದರು. ನಾಲ್ಕೂ ಒಳ್ಳೆಯ ಗೆಲುವುಗಳೇ, ಆದರೆ ಅಂದು ಬೆಲ್ಟ್ ಕಟ್ಟಿಕೊಂಡಿದ್ದವ ಒಬ್ಬನೂ ಇಲ್ಲ. ಟುವಾಗಿಂತ ಮೇಲೆ ಐಕ್ ಇಬೆಬುಚಿಯನ್ನು ಇಡು. 1997ರಲ್ಲಿ ಟುವಾ, 1999ರಲ್ಲಿ ಕ್ರಿಸ್ ಬರ್ಡ್, ಇಬ್ಬರಿಗೂ ಅವನೇ ಮೊದಲ ಸೋಲು ತೋರಿಸಿದ್ದು.

ಕೂಟದಲ್ಲಿ 'ನಾರ್ಟನ್ ಎಲ್ಲಿ?' ಎಂದು ಒಬ್ಬರಾದರೂ ಕೇಳುತ್ತಾರೆ. 1978ರಲ್ಲಿ ಪಟ್ಟ ಕೊಡುವ ಮಂಡಳಿಗಳಲ್ಲೊಂದಾದ ಡಬ್ಲ್ಯುಬಿಸಿಯವರು ಅವನಿಗೆ ಪಟ್ಟವನ್ನು ಕಾಗದದಲ್ಲಿ ಕೊಟ್ಟರು. ಪಟ್ಟದ ಪಂದ್ಯ ಒಂದನ್ನೂ ಅವನು ಗೆದ್ದಿಲ್ಲ. ಅವನನ್ನು ಸೇರಿಸಿದರೆ 1973ರ ಮಾರ್ಚ್ 31ರಂದು ಸ್ಯಾನ್ ಡಿಯಾಗೊದಲ್ಲಿ ಅಲಿಯ ದವಡೆ ಮುರಿದು ಗೆದ್ದದ್ದು ಎಲ್ಲಕ್ಕಿಂತ ಮೇಲೆ ಬರುತ್ತದೆ, ಯಂಗ್ ಎರಡನೆಯವನಾಗುತ್ತಾನೆ. ಅಲಿಗೆ ಆಗ 31. ಮುಂದಿನ ಹತ್ತೊಂಬತ್ತು ತಿಂಗಳಲ್ಲಿ ನಾರ್ಟನ್, ಫ್ರೇಜಿಯರ್, ಫೋರ್‌ಮನ್ ಮೂವರನ್ನೂ ಸೋಲಿಸಿದವ. ಸೇರಿಸುತ್ತೀಯೋ ಬಿಡುತ್ತೀಯೋ, ಮಾತು ಶುರು ಮಾಡುವಾಗಲೇ ಹೇಳಿಬಿಡು. ನಡುವೆ ಹೇಳಿದರೆ ಉಳಿದ ಹೊತ್ತೆಲ್ಲ ಅದರ ಚರ್ಚೆಗೇ ಹೋಗುತ್ತದೆ.

ಇತಿ,
ನಿನ್ನ ಮಾವ