ಮೈಗ್ರೇನ್ ಚುಚ್ಚುಮದ್ದು ಮತ್ತು ಉಪಕರಣ ಚಿಕಿತ್ಸೆ: ನಮ್ಮ ಕ್ರಮದಲ್ಲಿ ಬದಲಾವಣೆ

ಮಾನ್ಯ ಸದಸ್ಯರೇ,

ನಮ್ಮ ಸಹಕಾರಿ ಚಿಕಿತ್ಸಾಲಯದಲ್ಲಿ ಮುಂದಿನ ತಿಂಗಳಿನಿಂದ, ಮೈಗ್ರೇನ್ ತಡೆಯುವ ಚುಚ್ಚುಮದ್ದನ್ನು ಹೊಸದಾಗಿ ಆರಂಭಿಸುವ ಮೊದಲು ರೋಗಿಯ ಕನಿಷ್ಠ ಒಂದು ತಿಂಗಳ ತಲೆನೋವಿನ ದಾಖಲೆಯನ್ನು ವೈದ್ಯರು ಅವರೊಂದಿಗೆ ಕುಳಿತು ಪರಿಶೀಲಿಸುವರು. ಅದರ ಜೊತೆಗೆ, ಚರ್ಮದ ಮೇಲಿನಿಂದಲೇ ನರಗಳನ್ನು ಪ್ರಚೋದಿಸುವ ಉಪಕರಣಗಳನ್ನು ಮನೆಗೆ ಒಯ್ದು ಬಳಸಿ ನೋಡುವ ಅವಕಾಶವನ್ನೂ ಕಲ್ಪಿಸುತ್ತಿದ್ದೇವೆ. ಈಗಾಗಲೇ ಚುಚ್ಚುಮದ್ದು ಪಡೆಯುತ್ತಿರುವವರ ಸರದಿ ಎಂದಿನಂತೆ ಮುಂದುವರಿಯುತ್ತದೆ.

ಎರಡರಲ್ಲಿ ಯಾವುದು ಮೇಲು ಎಂದು ಬಹಳ ಮಂದಿ ಕೇಳುತ್ತಾರೆ. ತಿಂಗಳಲ್ಲಿ ಎಷ್ಟು ದಿನ ತಲೆ ನೋಯುತ್ತದೆ ಎಂಬುದು ತಿಳಿಯದೆ ಇದಕ್ಕೆ ಪ್ರಾಮಾಣಿಕವಾದ ಉತ್ತರ ಕೊಡಲಾಗದು. ಬೊಟಾಕ್ಸ್ ಎಂದು ಪರಿಚಿತವಾದ ಬೊಟ್ಯುಲಿನಮ್ ಟಾಕ್ಸಿನ್ ಚುಚ್ಚುಮದ್ದು ದೀರ್ಘಕಾಲಿಕ ಮೈಗ್ರೇನ್‌ಗೆ ಮಾತ್ರ ಸಲ್ಲುವಂಥದ್ದು. ಎಂದರೆ, ಮೂರು ತಿಂಗಳಿಗೂ ಹೆಚ್ಚು ಕಾಲ, ತಿಂಗಳಿಗೆ 15 ಅಥವಾ ಅದಕ್ಕಿಂತ ಹೆಚ್ಚು ದಿನ ತಲೆನೋವಿದ್ದು, ಅವುಗಳಲ್ಲಿ ಕನಿಷ್ಠ 8 ದಿನ ಮೈಗ್ರೇನ್‌ನ ಲಕ್ಷಣಗಳು ಇರುವವರಿಗೆ. ಅದಕ್ಕಿಂತ ವಿರಳವಾಗಿ ನೋವು ಬರುವವರಲ್ಲಿ ಅದರ ಪ್ರಯೋಜನ ಸಾಬೀತಾಗಿಲ್ಲ. ಹಣೆ, ಕಪೋಲದ ಮೇಲಿನ ಕಣತಲೆ, ಹಿಂದಲೆ, ಕತ್ತು ಮತ್ತು ಹೆಗಲಿನ 31 ಬಿಂದುಗಳಲ್ಲಿ ಒಟ್ಟು 155 ಯೂನಿಟ್ ಔಷಧವನ್ನು 12 ವಾರಗಳಿಗೊಮ್ಮೆ ಚುಚ್ಚುವ ಈ ಚಿಕಿತ್ಸೆಯನ್ನು ಅಗತ್ಯವಿಲ್ಲದವರಿಗೆ ಕೊಡುವುದು ಸರಿಯಲ್ಲವೆಂಬುದು ನಮ್ಮ ನಿಲುವು. ಆದರೆ ಅಗತ್ಯವಿರುವವರು ಇದನ್ನು ಮೊದಲ ಸುತ್ತಿಗೇ ಕೈಬಿಡಬಾರದು, ಏಕೆಂದರೆ ಕೆಲವರಲ್ಲಿ ಫಲ ಕಾಣುವುದು ಎರಡನೆಯ ಅಥವಾ ಮೂರನೆಯ ಸುತ್ತಿನ ನಂತರ.

2018ರಿಂದ ಬಳಕೆಗೆ ಬಂದ ಎರೆನುಮ್ಯಾಬ್, ಫ್ರೆಮನೆಜುಮ್ಯಾಬ್, ಗ್ಯಾಲ್ಕನೆಜುಮ್ಯಾಬ್ ಚುಚ್ಚುಮದ್ದುಗಳ ವಿಷಯ ಬೇರೆ. ಮೈಗ್ರೇನ್ ನೋವಿನಲ್ಲಿ ಪಾತ್ರ ವಹಿಸುವ ಸಿಜಿಆರ್‌ಪಿ ಎಂಬ ಪ್ರೋಟೀನಿನ ಕೆಲಸವನ್ನು ತಡೆಯುವ ಇವು, ವಿರಳವಾಗಿ ನೋವು ಬರುವವರಿಗೂ ನೆರವಾಗುತ್ತವೆ. ಸಾಮಾನ್ಯವಾಗಿ ತಿಂಗಳಿಗೊಮ್ಮೆ ತೊಡೆಗೋ ಹೊಟ್ಟೆಗೋ ತಾವೇ ಚುಚ್ಚಿಕೊಳ್ಳಬಹುದು. ಎರೆನುಮ್ಯಾಬ್‌ನಿಂದ ಮಲಬದ್ಧತೆ ಉಂಟಾಗಬಹುದು, ರಕ್ತದೊತ್ತಡ ಏರಬಹುದು. ಈ ಔಷಧಗಳು ದೇಹದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ಗರ್ಭಧಾರಣೆಯ ಯೋಚನೆಯಿರುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಲೇಬೇಕು.

ಉಪಕರಣಗಳಲ್ಲಿ ಹಣೆಗೆ ಅಂಟಿಸುವಂಥದ್ದನ್ನು ನೋವು ತಡೆಯಲು ದಿನಕ್ಕೆ 20 ನಿಮಿಷ ಬಳಸಬೇಕು. ತೋಳಿಗೆ ಕಟ್ಟುವಂಥದ್ದನ್ನು ನೋವು ಆರಂಭವಾದ ಕೂಡಲೇ 45 ನಿಮಿಷ. ಜುಮುಗುಡುವಿಕೆ, ಚರ್ಮ ಕೆಂಪಾಗುವುದು ಬಿಟ್ಟರೆ ಇವುಗಳಿಂದ ತೊಂದರೆ ಕಡಿಮೆ. ಔಷಧ ಸೇರದವರಿಗೂ ಮಾತ್ರೆಗಳನ್ನು ಕಡಿಮೆ ಮಾಡಬೇಕಾದವರಿಗೂ ಇವು ನಿಜವಾದ ಆಸರೆ. ಆದರೆ ಚುಚ್ಚುಮದ್ದುಗಳಿಗೆ ಇರುವಷ್ಟು ದೊಡ್ಡ ಅಧ್ಯಯನಗಳ ಬೆಂಬಲ ಇವಕ್ಕಿಲ್ಲ. ಹುಸಿ ಉಪಕರಣ ಕೊಟ್ಟು ಹೋಲಿಸುವಾಗ, ಜುಮುಗುಡುವಿಕೆಯಿಂದಲೇ ನಿಜವಾದದ್ದು ಯಾವುದೆಂದು ರೋಗಿ ಊಹಿಸಬಲ್ಲರಾದ್ದರಿಂದ ಫಲಿತಾಂಶವನ್ನು ಅಳೆಯುವುದೂ ಕಷ್ಟ. ಹಣೆಯ ಉಪಕರಣ ದಿನವೂ ಬಳಸಿದವರಿಗಷ್ಟೇ ಉಪಯೋಗಕ್ಕೆ ಬರುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರಿಗೆ ಇವನ್ನು ಕೊಡಲಾಗುವುದಿಲ್ಲ.

ದಾಖಲೆಯಲ್ಲಿ ನೋವು ಬಂದ ದಿನ, ಅದರ ತೀವ್ರತೆ, ವಾಕರಿಕೆ ಅಥವಾ ಬೆಳಕು ಸಹಿಸಲಾಗದ ಸ್ಥಿತಿ ಇತ್ತೇ ಎಂಬುದು, ನುಂಗಿದ ಮಾತ್ರೆ ಇಷ್ಟನ್ನು ಬರೆದರೆ ಸಾಕು. ಮಾತ್ರೆಯ ಲೆಕ್ಕವನ್ನು ದಯವಿಟ್ಟು ಬಿಡಬೇಡಿ: ಸಾಧಾರಣ ನೋವುನಿವಾರಕಗಳನ್ನು ತಿಂಗಳಿಗೆ 15 ದಿನ, ಮೈಗ್ರೇನ್ ನೋವು ಬಂದಾಗ ತೆಗೆದುಕೊಳ್ಳುವ ಟ್ರಿಪ್ಟಾನ್ ಎಂಬ ಔಷಧಗಳನ್ನು 10 ದಿನ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತ ಬಂದರೆ, ಆ ಔಷಧವೇ ತಲೆನೋವಿಗೆ ಕಾರಣವಾಗಬಹುದು.

ಹಿಂದೆಂದೂ ಕಾಣದಂಥ ತೀವ್ರ ನೋವು ದಿಢೀರನೆ ಬಂದರೆ, ಅಥವಾ ಅದರೊಂದಿಗೆ ಮಾತು ತೊದಲಿದರೆ, ಕೈಕಾಲಿನ ಬಲ ಕುಂದಿದರೆ, ನಮ್ಮ ಸರದಿಗಾಗಿ ಕಾಯದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕೂಡಲೇ ಹೋಗಬೇಕೆಂದು ಕೋರುತ್ತೇವೆ.

ಇತಿ,
ಚಿಕಿತ್ಸಾಲಯದ ಆಡಳಿತ ಮಂಡಳಿ