ಆಟಿ ಕಷಾಯ ಮತ್ತು ಒಂದು ಪ್ರಶ್ನೆ

ಕಳೆದ ವಾರ ಮೆಲ್ಬರ್ನಿನ ನಮ್ಮ ಕನ್ನಡ ತರಗತಿಯಲ್ಲಿ, ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಯಂದು ಕುಡಿಯುವ ಕಷಾಯದ ಮಾತು ಬಂತು. "ಜ್ವರಾನೇ ಬಂದಿಲ್ಲ, ಮತ್ತೆ ಔಷಧಿ ಯಾಕೆ ಕುಡೀಬೇಕು?" ಅಂತ ಒಬ್ಬ ಪುಟ್ಟ ಹುಡುಗಿ ಕೇಳಿದಳು. ನಮ್ಮ ಪತ್ರಿಕೆಯ ಈ ಸಂಚಿಕೆ ಇವತ್ತು ರಾತ್ರಿಯೇ ಹೋಗಬೇಕು. ಆದರೂ ಅವಳಿಗೆ ಉತ್ತರ ಬರೆಯದೆ ಇರಲಾರೆ.

ನಮ್ಮ ಪುತ್ತೂರಿನ ಕಡೆ ಆಟಿ ಅಂದರೆ ಬಿಡದ ಮಳೆ. ಶೀತ, ಜ್ವರ, ಹೊಟ್ಟೆನೋವು ಮನೆಮನೆಗೂ ಬರುವ ತಿಂಗಳು. ಬರುವ ಮೊದಲೇ ತಡೆಯಬೇಕು ಅಂತ ಹಿರಿಯರು ವರ್ಷಕ್ಕೊಂದು ಬೆಳಗ್ಗೆ ಹಾಲೆ ಮರದ ಕಷಾಯ ಕುಡಿಸುತ್ತಿದ್ದರು. ಅಜ್ಜ ಹಿಂದಿನ ಹಗಲೇ ಮರ ನೋಡಿ ಗುರುತು ಮಾಡಿ ಬರುತ್ತಿದ್ದರು. ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಹೋಗಿ ಕಲ್ಲಿನಿಂದ ಜಜ್ಜಿ ಕೆತ್ತೆ, ಅಂದರೆ ತೊಗಟೆ, ತೆಗೆಯುತ್ತಿದ್ದರು, ಕತ್ತಿ ತಾಗಿಸುವಂತಿಲ್ಲ. ಅಜ್ಜಿ ಅದನ್ನು ಕರಿಮೆಣಸು, ಬೆಳ್ಳುಳ್ಳಿ, ಓಮದ ಜೊತೆ ಅರೆದು ರಸ ಹಿಂಡುತ್ತಿದ್ದರು. ಒಲೆಯಲ್ಲಿ ಕಾಯಿಸಿದ ಬೆಣಚುಕಲ್ಲು ಅದರೊಳಗೆ ಬಿದ್ದರೆ ಚುಂಯ್ ಅಂತ ಸದ್ದು, ಮನೆ ತುಂಬ ಘಾಟು. ಖಾಲಿ ಹೊಟ್ಟೆಗೆ ಒಂದು ಸಣ್ಣ ಲೋಟ. ಆ ಕಹಿಗೆ ಬೆಲ್ಲದ ಚೂರು, ಆಮೇಲೆ ದೇಹ ತಂಪಾಗಲಿ ಅಂತ ಮೆಂತೆ ಗಂಜಿ. ಗಂಜಿಯ ಆಸೆಗೇ ನಾವು ಮಕ್ಕಳು ಕಷಾಯ ನುಂಗುತ್ತಿದ್ದೆವು.

ಹಗಲೇ ಗುರುತು ಮಾಡುವುದಕ್ಕೆ ಕಾರಣವಿದೆ. ಕತ್ತಲಲ್ಲಿ ಹಾಲೆ ಅಂದುಕೊಂಡು ಕಾಸರಕ ಅನ್ನುವ ಬೇರೆ ಮರದ ತೊಗಟೆ ತಂದರೆ ಜೀವಕ್ಕೇ ಅಪಾಯ, ಅದರಲ್ಲಿ ಸ್ಟ್ರಿಕ್ನಿನ್ ವಿಷವಿದೆ. ಹಾಲೆಯ ತೊಗಟೆ ಗೀರಿದರೆ ಬಿಳಿ ಹಾಲು ಬರುತ್ತದೆ. ಎಲೆಗಳು ಗೆಣ್ಣಿನ ಸುತ್ತ ಸಾಮಾನ್ಯವಾಗಿ ಏಳರಂತೆ ಇರುತ್ತವೆ, ಅದಕ್ಕೇ ಸಪ್ತಪರ್ಣ ಅನ್ನುವುದು. ದಯವಿಟ್ಟು ಆನ್‌ಲೈನಿನಲ್ಲಿ ತೊಗಟೆ ಪುಡಿ ತರಿಸಿ ಮಕ್ಕಳಿಗೆ ಕುಡಿಸಬೇಡಿ.

ಮೆಲ್ಬರ್ನಿನ ಈ ಚಳಿಗೆ ದಿನನಿತ್ಯದ ಕಷಾಯವೇ ಸಾಕು, ಅಲ್ವಾ? ಕೊತ್ತಂಬರಿ ಬೀಜ ಒಂದು ಲೋಟ, ಜೀರಿಗೆ ಅರ್ಧ ಲೋಟ, ಮೆಣಸು, ಮೆಂತೆ ಒಂದೊಂದು ಚಮಚ, ಒಂದು ತುಂಡು ಒಣಶುಂಠಿ. ಹುರಿದು ಪುಡಿ ಮಾಡಿಟ್ಟುಕೊಳ್ಳಿ. ಬೇಕಾದಾಗ ಬೆಲ್ಲ ಹಾಕಿ ಕುದಿಸಿ, ಹಾಲು ಬೆರೆಸಿ. ಗಂಟಲಿಗೆ ಹಿತ. ಹೊಟ್ಟೆ ತೊಳಸುವುದನ್ನು ಶುಂಠಿ ತಗ್ಗಿಸುತ್ತದೆ. ಆದರೆ ಜ್ವರ ಇಳಿಯದಿದ್ದರೆ ಡಾಕ್ಟರ ಹತ್ತಿರವೇ ಹೋಗಿ.

ಇನ್ನು ಪ್ರಕಟಣೆಗಳು, ಬೇಗ ಬೇಗ. ಭಾನುವಾರ ಬೆಳಗ್ಗೆ 10ಕ್ಕೆ ಆಟಿ ಕೂಟ, ಮೆಂತೆ ಗಂಜಿ, ಪತ್ರೊಡೆ ಇದೆ, ತಟ್ಟೆ ಲೋಟ ಮನೆಯಿಂದ ತನ್ನಿ. ಆಗಸ್ಟ್ 15ರ ಧ್ವಜವಂದನೆಗೆ ಮಕ್ಕಳು 8:30ಕ್ಕೇ ಬರಬೇಕು. ಗಣೇಶ ಹಬ್ಬದ ನಾಟಕಕ್ಕೆ ಹೆಸರು ಕೊಡಲು ಶುಕ್ರವಾರ ಕೊನೆ. ಪುಟ ಜೋಡಿಸುವ ಕೆಲಸ ಈಗ ನನ್ನೊಬ್ಬಳ ಮೇಲೇ ಇದೆ, ಯಾರಾದರೂ ಕೈ ಜೋಡಿಸಿ, ನಿಜವಾಗಿಯೂ ಬೇಕಾಗಿದೆ. ಊರಿನಿಂದ ಬಂದಿರುವ ಅಜ್ಜ ಅಜ್ಜಿಯರ ಹತ್ತಿರ ನಿಮ್ಮ ಮನೆ ಕಷಾಯದ ಅಳತೆ ಕೇಳಿ, ಸೆಪ್ಟೆಂಬರ್ ಸಂಚಿಕೆಗೆ ಬರೆದು ಕಳಿಸಿ. ತುಂಬ ಜನರ ವೀಸಾ ಮುಗಿಯುತ್ತಾ ಬಂದಿದೆ, ತಡ ಮಾಡಬೇಡಿ.