ನನ್ನ ಪರವಾಗಿ ಜಗಳ ಆಡಿ ಅಂತ ಯಾರು ಹೇಳಿದ್ದು?

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ನಮ್ಮ ನ್ಯೂಜೆರ್ಸಿಯ ಊರಿನ ದಿನಸಿ ಅಂಗಡಿಯಲ್ಲಿ ಕ್ರಿಸ್ಮಸ್ ಶುಭಾಶಯದ ಬಗ್ಗೆ ನಡೆದ ಗಲಾಟೆಯನ್ನು ಮೊನ್ನೆ ‘ಕ್ರೈಸ್ತರ ಆಕ್ರೋಶ’ ಅಂತ ದಪ್ಪಕ್ಷರದಲ್ಲಿ ಹಾಕಿದ್ದೀರಿ. ಕ್ರೈಸ್ತರು ಅಂದರೆ ಯಾರು ಸ್ವಾಮಿ? ಗಲಾಟೆ ಮಾಡಿದ್ದು ಒಬ್ಬನೇ ಒಬ್ಬ ಮಹಾಶಯ. ಅವರ ಹಿಂದೆಯೇ ಗಾಡಿ ಹಿಡಿದು ನಿಂತಿದ್ದ ನಾನೂ ಕ್ರೈಸ್ತನೇ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನನ್ನ ಆಕ್ರೋಶ ಏನು ಅಂತ ಚೆನ್ನಾಗಿಯೇ ಹೇಳುತ್ತಿದ್ದೆ: ಬೇಗ ಬಿಲ್ ಮಾಡಿ ಬಿಡ್ರಪ್ಪಾ ಅಂತ.

ಬಿಲ್ ಹಾಕುವ ಹುಡುಗಿ ಚೀಲ ಕೊಡುತ್ತಾ, ಯಾವ ಹಬ್ಬದ ಹೆಸರೂ ಎತ್ತದೆ ‘ಹ್ಯಾಪಿ ಹಾಲಿಡೇಸ್’ ಅಂದಳು. ಅಷ್ಟೇ ಅವಳ ಅಪರಾಧ. ಮಹಾಶಯರು ಚೀಲ ವಾಪಸ್ ಇಟ್ಟು, ‘ಮೆರ್ರಿ ಕ್ರಿಸ್ಮಸ್’ ಅನ್ನಲೇಬೇಕು ಅಂತ ಹಟ ಹಿಡಿದರು. ಅವಳು ನಕ್ಕು ಸುಮ್ಮನಾದಳು. ಅದು ಇನ್ನೂ ದೊಡ್ಡ ತಪ್ಪಾಯಿತು. ಮ್ಯಾನೇಜರ್ ಬರಬೇಕು, ಅವರ ಮೇಲಿನವರು ಬರಬೇಕು, ಕೊಂಡಿದ್ದನ್ನೆಲ್ಲ ಒಂದೊಂದಾಗಿ ವಾಪಸ್ ತೆಗೆದುಕೊಳ್ಳಬೇಕು. ಪಕ್ಕದ ಕೌಂಟರ್ ಮುಚ್ಚಿತ್ತು. ನಾವೇ ಬಿಲ್ ಮಾಡಿಕೊಳ್ಳುವ ಯಂತ್ರಗಳು ಎಂದಿನಂತೆ ಕೆಟ್ಟಿದ್ದವು. ನನ್ನ ಗಾಡಿಯಲ್ಲಿದ್ದ ಮೀನಿನ ಪ್ಯಾಕೆಟ್ ಕರಗಿ, ಆ ನೀರು ಮೊದಲು ಬ್ರೆಡ್ಡಿಗೆ ಇಳಿಯಿತು, ಆಮೇಲೆ ನನ್ನ ಬೂಟಿಗೆ. ಚರ್ಚಿನಲ್ಲಿ ಕ್ಯಾರಲ್ ಪ್ರಾಕ್ಟೀಸ್ ಶುರುವಾಗಿ ಫೋನಿನ ಮೇಲೆ ಫೋನ್ ಬರುತ್ತಿತ್ತು. ಕ್ರಿಸ್ತನ ಹೆಸರು ಉಳಿಸಲು ಒಬ್ಬರು ಹೊರಟರು, ಕ್ರಿಸ್ತನ ಹಾಡು ಹಾಡಬೇಕಾದವನು ಕ್ಯೂನಲ್ಲಿ ಬಾಕಿಯಾದ. ಚೆನ್ನಾಗಿದೆ ಅಲ್ವಾ?

ನಿಮ್ಮ ವರದಿಗಾರರು ನೋಡದೇ ಇದ್ದದ್ದು ಇನ್ನೊಂದಿದೆ. ಆ ಹುಡುಗಿಯ ಬಲಗೈ ಮಣಿಕಟ್ಟಿನ ಒಳಭಾಗದಲ್ಲಿ ಪುಟ್ಟ ಶಿಲುಬೆಯ ಹಚ್ಚೆ ಇತ್ತು. ಈಜಿಪ್ಟ್ ಮೂಲದ ಕಾಪ್ಟಿಕ್ ಕ್ರೈಸ್ತರು ಹಾಗೆ ಹಾಕಿಸಿಕೊಳ್ಳುತ್ತಾರೆ. ನಮ್ಮ ನ್ಯೂಜೆರ್ಸಿಯಲ್ಲಿ, ಅದರಲ್ಲೂ ಜರ್ಸಿ ಸಿಟಿ ಕಡೆ, ಅವರು ಬೇಕಾದಷ್ಟು ಜನ ಇದ್ದಾರೆ. ಅವರ ಕ್ರಿಸ್ಮಸ್ ಬರುವುದು ಜನವರಿ 7ಕ್ಕೆ. ಅದಕ್ಕೆ ಮುಂಚೆ 43 ದಿನ ಉಪವಾಸ. ಮಾಂಸ, ಹಾಲು, ಮೊಟ್ಟೆ ಮುಟ್ಟುವ ಹಾಗಿಲ್ಲ. ಹಚ್ಚೆ ನೋಡಿ ಹೇಳುತ್ತಿದ್ದೇನೆ, ಅವಳನ್ನು ವಿಚಾರಿಸಲು ಹೋಗಲಿಲ್ಲ. ಪಾಪ, ಅವಳಿಗೆ ಆಗಲೇ ಸಾಕಾಗಿ ಹೋಗಿತ್ತು. ಆದರೆ ನನ್ನ ಊಹೆ ಸರಿಯಾಗಿದ್ದರೆ, ದಿನವಿಡೀ ನಿಂತು ಬೇರೆಯವರ ಬೆಣ್ಣೆ, ಕೇಕು, ಚೀಸು ಸ್ಕ್ಯಾನ್ ಮಾಡುವ ಉಪವಾಸದ ಹುಡುಗಿಗೆ, ಗಾಡಿ ತುಂಬ ಹ್ಯಾಮ್ (ಹಂದಿಮಾಂಸ) ಹೇರಿಕೊಂಡು ಬಂದವರು ಕ್ರೈಸ್ತ ಧರ್ಮದ ಪಾಠ ಹೇಳಿದರು!

‘ಮೆರ್ರಿ ಕ್ರಿಸ್ಮಸ್’ ಅನ್ನುವುದು ಈ ದೇಶದ ಹಿರಿಯರ ಸಂಪ್ರದಾಯ ಅಂತಲೂ ಮಹಾಶಯರು ಕೂಗಿದರು. ಯಾವ ಹಿರಿಯರು? ಮ್ಯಾಸಚೂಸೆಟ್ಸ್‌ನಲ್ಲಿ 1659ರಲ್ಲಿ ಕ್ರಿಸ್ಮಸ್ ಆಚರಿಸಿದವರಿಗೆ 5 ಶಿಲ್ಲಿಂಗ್ ದಂಡ ಹಾಕಿದ್ದು ನಾಸ್ತಿಕರಲ್ಲ, ಬೈಬಲ್ ಕಂಕುಳಲ್ಲಿಟ್ಟುಕೊಂಡು ಓಡಾಡುತ್ತಿದ್ದ ಪ್ಯೂರಿಟನ್ನರು ಅನ್ನುವ ಕಟ್ಟುನಿಟ್ಟಿನ ಕ್ರೈಸ್ತರು. 1681ರವರೆಗೆ ಆ ಕಾನೂನು ಇತ್ತು. ಕ್ರಿಸ್ಮಸ್ಸಿಗೆ ಕೇಂದ್ರ ಸರ್ಕಾರದ ರಜೆ ಅಂತ ಆಗಿದ್ದೇ 1870ರಲ್ಲಿ. ಅಲ್ಲಿಯವರೆಗೆ ಯೇಸು ಹುಟ್ಟಿರಲಿಲ್ಲವಾ? ಹುಟ್ಟಿದಾಗಲೂ ಸತ್ರದಲ್ಲಿ ಜಾಗ ಕೊಡಲಿಲ್ಲ ಅಂತ ಮೇರಿ, ಜೋಸೆಫ್ ಯಾರ ಮೇಲೂ ಕೂಗಾಡಿದ ಹಾಗೆ ನಾನಂತೂ ಓದಿಲ್ಲ.

ಹಾಗಂತ ಅಂಗಡಿಯವರೇನು ದೊಡ್ಡ ಉದಾರಿಗಳಲ್ಲ. ಯಹೂದಿಗಳ ಹನುಕ್ಕಾ ಹಬ್ಬ ಮಾಡುವವರ ದುಡ್ಡೂ ಬೇಕು, ಆಫ್ರಿಕನ್ ಅಮೆರಿಕನ್ನರ ಕ್ವಾಂಜಾ ಮಾಡುವವರ ದುಡ್ಡೂ ಬೇಕು, ಏನೂ ಮಾಡದವರದ್ದೂ ಬೇಕು. ಅದಕ್ಕೇ ಎಲ್ಲರಿಗೂ ಒಂದೇ ಮಾತು. ವಾಲ್‌ಮಾರ್ಟ್ 2005ರಲ್ಲಿ ‘ಹ್ಯಾಪಿ ಹಾಲಿಡೇಸ್’ ಅಂದಿದ್ದಕ್ಕೆ ಬೈಗುಳ ತಿಂದು 2006ರಲ್ಲಿ ಮತ್ತೆ ‘ಮೆರ್ರಿ ಕ್ರಿಸ್ಮಸ್’ಗೆ ಬಂತು. ನಡುವೆ ಕಂಪನಿಗೆ ದೀಕ್ಷಾಸ್ನಾನ ಏನಾದರೂ ಆಯಿತಾ? ವ್ಯಾಪಾರ ಸ್ವಾಮಿ, ವ್ಯಾಪಾರ. ನಮಗೆ ಡಿಸೆಂಬರ್ 25ರ ಹಿಂದಿನ ನಾಲ್ಕು ಭಾನುವಾರ ಆಗಮನ ಕಾಲ. ಕಾಯುವ ಕಾಲ. ಅಂಗಡಿಯವರು ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಹಬ್ಬದ ಕುಂಬಳಕಾಯಿ ತೆಗೆಯುವಷ್ಟರಲ್ಲೇ ಗಂಟೆ, ಹಾಡು ಎಲ್ಲ ಶುರು ಹಚ್ಚಿಕೊಳ್ಳುತ್ತಾರೆ. ನಮ್ಮ ಹಬ್ಬ 25ಕ್ಕೆ ಶುರುವಾದರೆ ಇವರದ್ದು 26ಕ್ಕೆ ಅರ್ಧ ಬೆಲೆಗೆ ಹೋಗಿರುತ್ತದೆ. ಅದಕ್ಕೆ ಯಾರೂ ಮ್ಯಾನೇಜರ್ ಕರೆಸುವುದಿಲ್ಲ.

ನನಗೆ ಯಾರಾದರೂ ‘ಹ್ಯಾಪಿ ಹಾಲಿಡೇಸ್’ ಅಂದರೆ ‘ಥ್ಯಾಂಕ್ಸ್, ಮೆರ್ರಿ ಕ್ರಿಸ್ಮಸ್’ ಅನ್ನುತ್ತೇನೆ. ಅವರೂ ನಗುತ್ತಾರೆ, ನಾನೂ ನಗುತ್ತೇನೆ. ಮುಗಿಯಿತು. ಎದುರಿಗಿರುವವರು ಯಾವ ಹಬ್ಬ ಮಾಡುತ್ತಾರೆ ಅಂತ ಗಂಟೆಗೆ ಇಷ್ಟು ಡಾಲರ್ ಅಂತ ದುಡಿಯುವ ಹುಡುಗಿಗೆ ಹೇಗೆ ಗೊತ್ತಾಗಬೇಕು? ಮುಖ ನೋಡಿ ಧರ್ಮ ಹೇಳಬೇಕಾ? ಹಾಗೆ ಮಾಡಿದ್ದರೆ ನನ್ನ ಬಣ್ಣ ನೋಡಿ ನನಗೆ ದೀಪಾವಳಿ ಶುಭಾಶಯ ಹೇಳುತ್ತಿದ್ದಳು!

ಇಷ್ಟೆಲ್ಲ ಮುಗಿಸಿ ಹೊರಗೆ ಬಂದರೆ ಕಾರಿನ ಗಾಜಿಗೆ ದಂಡದ ಚೀಟಿ. ಪಾರ್ಕಿಂಗ್ ಮೀಟರಿನ ಸಮಯ ಮುಗಿದಿತ್ತಂತೆ. ಆ ಮೀಟರ್ ಚಿಲ್ಲರೆ ನುಂಗಿ ಸಮಯ ಕೊಡುವುದಿಲ್ಲ ಅಂತ ಟೌನ್ ಹಾಲಿಗೆ, ಅಂದರೆ ಊರಾಡಳಿತದ ಕಚೇರಿಗೆ, ಹೋದ ವರ್ಷವೇ ಬರೆದಿದ್ದೆ. ಉತ್ತರ ಇಲ್ಲ. ರಸ್ತೆಯ ಹಿಮ ತಳ್ಳುವ ಗಾಡಿ ಅಷ್ಟನ್ನೂ ತಂದು ನಮ್ಮ ಗೇಟಿಗೇ ಸುರಿಯುತ್ತದೆ ಅಂತಲೂ ಬರೆದಿದ್ದೆ. ಅದಕ್ಕೂ ಇಲ್ಲ. ಚೀಟಿ ಅಂಟಿಸುವುದರಲ್ಲಿ ಮಾತ್ರ ಏನು ಚುರುಕು!

ಅದೇ ಟೌನ್ ಹಾಲಿನ ಮುಂದಿನ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಪ್ರದರ್ಶನ, ನೋಡಿದ್ದೀರಾ? ಊರಾಡಳಿತ ಗೋದಲಿ ಇಡಬಹುದಾ ಅಂತ ರೋಡ್ ಐಲೆಂಡ್ ರಾಜ್ಯದ ಪಾಟಕೆಟ್ ಊರಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ 1984ರಲ್ಲಿ 5–4ರ ತೀರ್ಪು ಕೊಟ್ಟಿತಲ್ಲ, ಅಲ್ಲಿ ಸಾಂಟಾ, ಜಿಂಕೆ, ಮರ ಎಲ್ಲ ಇದ್ದವು, ಹಾಗಾಗಿ ಪರವಾಗಿಲ್ಲ ಅಂತ. ನಮ್ಮ ಅಧಿಕಾರಿಗಳು ಅದನ್ನು ಬಾಯಿಪಾಠ ಮಾಡಿದ್ದಾರೆ. ಗಾಳಿ ತುಂಬಿದ ಜಿಂಕೆಯನ್ನು ಎಷ್ಟು ಹತ್ತಿರ ಇಟ್ಟಿದ್ದಾರೆ ಅಂದರೆ ಅದರ ಹೊಟ್ಟೆಯ ಹಿಂದೆ ಜೋಸೆಫ್ ಅರ್ಧ ಕಾಣುತ್ತಾನೆ. ಬಾಲಯೇಸುವನ್ನು ನಾವು 24ರ ರಾತ್ರಿ ಇಡುತ್ತೇವೆ. ಇವರು ನವೆಂಬರಿನಲ್ಲೇ ಮಲಗಿಸಿ ಆಯಿತು, ಮಳೆಯಲ್ಲಿ. ಧರ್ಮರಕ್ಷಣೆಗೆ ಹೊರಟವರು ಕನಿಷ್ಠ ಒಂದು ಪ್ಲಾಸ್ಟಿಕ್ ಹಾಳೆಯನ್ನಾದರೂ ಹೊದಿಸಬಹುದಿತ್ತು.

ಅಂಗಡಿಯವರು ಇದಕ್ಕೊಂದು ದಾರಿ ಹುಡುಕಬೇಕು. ಯಾವ ಶುಭಾಶಯ ಬೇಕಾದರೂ ಹೇಳಲಿ, ಹೇಳದೇ ಇರಲಿ, ಆದರೆ ಇನ್ನೊಂದು ಕೌಂಟರ್ ತೆರೆಯಲಿ. ಟೌನ್ ಹಾಲಿನವರು ಮೀಟರ್ ಸರಿ ಮಾಡಿಸಬೇಕು, ಜಿಂಕೆಯನ್ನೂ ಸ್ವಲ್ಪ ಸರಿಸಬೇಕು. ನೀವು ಒಬ್ಬರ ರಂಪವನ್ನು ನಮ್ಮೆಲ್ಲರ ತಲೆಗೆ ಕಟ್ಟುವುದನ್ನು ಬಿಡಬೇಕು. ಮತ್ತೆ ಆ ಮಹಾಶಯರಿಗೆ ಕ್ರಿಸ್ತನ ಹೆಸರಿನ ಮೇಲೆ ಅಷ್ಟೊಂದು ಪ್ರೀತಿ ಇದ್ದರೆ ಭಾನುವಾರ ಚರ್ಚಿಗೆ ಬರಲಿ. ಬೆಂಚುಗಳು ಜಾಸ್ತಿ ಖಾಲಿಯೇ ಇರುತ್ತವೆ. ಬರುವಾಗ ಆ ಹುಡುಗಿಯ ಹತ್ತಿರ ಕ್ಷಮೆ ಕೇಳಿಯೇ ಬರಲಿ. ವಯಸ್ಸಿಗೆ ತಕ್ಕ ಬುದ್ಧಿ ಬೇಡವೇ?

ಇಂತಿ,
ನಿಮ್ಮ ಓದುಗ, ನ್ಯೂಜೆರ್ಸಿ